ಇಪ್ಪತ್ತು ಹೆಜ್ಜೆ ದೂರದ ಕರಿಬೇವು

ಮ್ಯಾಗಿಯ ಪಬ್ಬಿನ ಅಡಿಗೆಮನೆಯಲ್ಲಿ ಎಲ್ಲದಕ್ಕೂ ಊರು, ಹೆಸರು, ವಿಳಾಸ ಇತ್ತು. ಸುಳ್ಳು ಅಂತ ಇದ್ದದ್ದು ಒಂದೇ ಒಂದು. ಅದು ಹಿತ್ತಲಲ್ಲಿ ಮೂರು ವರ್ಷದಿಂದ ಬೇರುಬಿಟ್ಟು, ಉದಯಶಂಕರನ ಎದೆಮಟ್ಟ ಬೆಳೆದು, ಘಮಘಮ ಅನ್ನುತ್ತ ನಿಂತಿತ್ತು.

ಪರ್ತ್‌ನಿಂದ ಉತ್ತರಕ್ಕೆ ಒಂದು ಗಂಟೆ ಕಾರಿನ ದಾರಿ, ಚಿಟರಿಂಗ್ ಕಣಿವೆ. ಇಳಿಜಾರಿನ ಉದ್ದಕ್ಕೂ ಕಿತ್ತಳೆ ತೋಟಗಳು, ಕುರಿ ಮೇಯುವ ಬಯಲು, ನಡುವೆ ತಗಡಿನ ಮಾಡಿನ ಹಳೇ ಕಲ್ಲುಕಟ್ಟಡ. ಅದೇ ಪಬ್ಬು. ಒಡತಿ ಮ್ಯಾಗಿಗೆ ಅರವತ್ತು ದಾಟಿತ್ತು, ಹಟ ಇಪ್ಪತ್ತರದ್ದು. ತಾನು ಕಣ್ಣಾರೆ ನೋಡದ ನೆಲದಿಂದ ಒಂದು ಈರುಳ್ಳಿಯೂ ಒಳಗೆ ಬರಕೂಡದು; ಔಷಧಿ ಹೊಡೆದದ್ದು ಬೇಡ, ಪಂಜರದ ಕೋಳಿ ಬೇಡ, ಲಾರಿಯಲ್ಲಿ ದೇಶ ಸುತ್ತಿ ಬಂದದ್ದು ಬೇಡವೇ ಬೇಡ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪ್ರತಿ ಪದಾರ್ಥದ ಮುಂದೆ ಬೆಳೆದವರ ಹೆಸರು, ಅದು ಬಂದ ದೂರ ಬರೆದಿರುತ್ತಿದ್ದಳು. ಭಾನುವಾರ ಪರ್ತ್‌ನಿಂದ ಕಾರು ಕಟ್ಟಿಕೊಂಡು ಬರುವ ಜನ ಊಟಕ್ಕೆ ಮುಂಚೆ ಆ ಹಲಗೆಯ ಫೋಟೋ ತೆಗೆದುಕೊಳ್ಳುತ್ತಿದ್ದರು.

ಉದಯ ಮೈಸೂರಿನ ಸರಸ್ವತಿಪುರಂ ಹುಡುಗ. ಓದಲು ಬಂದು, ಪರ್ತ್‌ನ ಬೆಂಟ್ಲಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಆರು ಜನರ ಜೊತೆ ಒಂದೇ ಬಚ್ಚಲು ಹಂಚಿಕೊಂಡು, ಅಡಿಗೆಯ ಕೋರ್ಸು ಮುಗಿಸಿ, ಕೊನೆಗೆ ಮ್ಯಾಗಿಯ ಕೈಕೆಳಗೆ ಸೇರಿದವನು. ವೀಸಾ ಇದ್ದದ್ದು ಅವಳ ಪಬ್ಬಿನ ಹೆಸರಿನಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನ ಪಿ.ಆರ್.ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅವಳೇ ಅರ್ಜಿ ಹಾಕುವವಳಿದ್ದಳು. 2016ರ ಆ ಚಳಿಗಾಲ ಒಂದನ್ನು ಹೇಗೋ ದಾಟಿಬಿಟ್ಟರೆ ಸಾಕು ಅಂತ ಅವನು ದಿನ ಎಣಿಸುತ್ತಿದ್ದ.

ಅವನಿಗೆ ಹೆಸರು ತಂದುಕೊಟ್ಟದ್ದು ಕಿತ್ತಳೆ ಸಿಪ್ಪೆಯ ಗೊಜ್ಜು. ಬೇಲಿಯಾಚೆ ಟೋನಿಯ ತೋಟ. ಟೋನಿಯ ಅಪ್ಪ ಇಟಲಿಯಿಂದ ಬಂದು ನೆಟ್ಟ ಗಿಡಗಳು. ಹದಿನೆಂಟು ವರ್ಷದಿಂದ ಅವಕ್ಕೆ ಒಂದು ತೊಟ್ಟು ಔಷಧಿ ಸೋಕಿರಲಿಲ್ಲ, ಅದರ ಸರ್ಟಿಫಿಕೇಟನ್ನು ಮುದುಕ ಟೋನಿ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದ. ಪಬ್ಬಿನಲ್ಲಿ ಬೆಳಗಿನ ರಸಕ್ಕೆ ಅವನದೇ ಹಣ್ಣು. ಹಿಂಡಿದ ಮೇಲೆ ಉಳಿಯುತ್ತಿದ್ದ ಬುಟ್ಟಿಗಟ್ಟಲೆ ಸಿಪ್ಪೆ ನೋಡಿ ಉದಯನ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಸಣ್ಣಗೆ ಹೆಚ್ಚಿ, ಬೇಯಿಸಿ, ಕಹಿ ನೀರು ಬಸಿದು ಗೊಜ್ಜು ಮಾಡಿಯೇಬಿಟ್ಟ. ಮ್ಯಾಗಿಯ ಹಟಕ್ಕೆ ಬೆಲ್ಲದ ಜಾಗದಲ್ಲಿ ಕಣಿವೆಯ ಜೇನು, ಹುಣಿಸೆಯ ಜಾಗದಲ್ಲಿ ಟೋನಿಯ ನಿಂಬೆ. ಫೋನಿನಲ್ಲಿ ಇದನ್ನು ಕೇಳಿದ ಅವನ ತಾಯಿ ಪಾರ್ವತಿ ತಲೆ ಚಚ್ಚಿಕೊಂಡಿದ್ದಳು. ಆದರೆ ಹುರಿದ ಕುರಿಮಾಂಸದ ಪಕ್ಕ ಒಂದು ಚಮಚ ಇಟ್ಟದ್ದೇ ತಡ, ಜನ ಮುಗಿಬಿದ್ದರು. ಎಸೆಯುವ ಸಿಪ್ಪೆ ತಟ್ಟೆಗೆ ಬಂತಲ್ಲ ಅಂತ ಮ್ಯಾಗಿ ಅವನ ಕೆನ್ನೆಗೆ ಮುತ್ತಿಟ್ಟಳು.

ಗೊಜ್ಜಿಗೆ ಒಗ್ಗರಣೆ ಬೇಕು, ಒಗ್ಗರಣೆಗೆ ಕರಿಬೇವು ಬೇಕು. ಇಲ್ಲಿಯ ನರ್ಸರಿಯ ಕರಿಬೇವನ್ನು ಎಣ್ಣೆಗೆ ಹಾಕಿದರೆ ಚಟಪಟ ಸದ್ದು ಬರುತ್ತದೆ, ವಾಸನೆ ಬರುವುದಿಲ್ಲ ಅಂತ ಇವನ ವಾದ. ಅಯ್ಯೋ, ನಾಲಿಗೆಯ ಚಪಲ ಅಂದರೆ ಇದೇ! ಮೂರು ವರ್ಷದ ಹಿಂದೆ ತಾಯಿ ಮೊದಲ ಸಲ ಹೊರಟಾಗ ಫೋನು ಮಾಡಿ ಹೇಳಿದ್ದ: "ಅಮ್ಮ, ನಮ್ಮ ಹಿತ್ತಲದ್ದು ಒಂದು ಮರಿ ಕಿತ್ಕೊಂಡು ಬಾ. ಹೆಂಗಾದ್ರೂ ಮಾಡಿ ತಾ." ಪಾರ್ವತಿ ಅದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ರೆಶರ್ ಕುಕ್ಕರಿನೊಳಗಿಟ್ಟು, ಮುಚ್ಚಳ ಬಿಗಿದು ತಂದಳು. ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ತೋರಿಸಿ, "ಗಿಡ, ಬೀಜ ಏನೂ ಇಲ್ಲ" ಅಂತ ಬರೆದುಕೊಟ್ಟಳು. ಹಾಗೆ ಬರೆಯಲು ಹೇಳಿಕೊಟ್ಟವನೂ ಮಗನೇ. ಕುಕ್ಕರನ್ನು ಯಾರೂ ತೆರೆಯಲಿಲ್ಲ.

ಎಲ್ಲಿಯದು ಅಂತ ಮ್ಯಾಗಿ ಕೇಳಿದಾಗ, ಪರ್ತ್‌ನ ಸ್ನೇಹಿತನ ಮನೆಯಿಂದ ಅಂದ. ಅವಳು ಖುಷಿಯಾಗಿ ಹಲಗೆಯ ಮೇಲೆ ಬರೆದಳು: ಕರಿಬೇವು, ಉದಯ್, ನಮ್ಮ ಹಿತ್ತಲು, ಇಪ್ಪತ್ತು ಹೆಜ್ಜೆ.

ಅಲ್ಲಿಯ ಚಳಿಗಾಲದ ಕೊನೆಗೆ, ಆಗಸ್ಟಿನ ಮೊದಲ ಭಾನುವಾರ ಪರ್ತ್ ಕನ್ನಡ ಸಂಘದ ರಮಾಕಾಂತ್ ಅಂಕಲ್ ಊಟಕ್ಕೆ ಬಂದರು. ಜೊತೆಗೆ ಮಗಳು ಅದಿತಿ, ಇಲ್ಲಿಯೇ ಹುಟ್ಟಿ ಬೆಳೆದವಳು, ಕೃಷಿ ವಿಜ್ಞಾನದ ವಿದ್ಯಾರ್ಥಿನಿ. ಊಟವಾದ ಮೇಲೆ ಉದಯ ಜಂಬದಿಂದ ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ. ರಮಾಕಾಂತ್ ಎಲೆ ಹೊಸಕಿ ಮೂಸಿ, "ಅಬ್ಬಾ, ದೇವರಾಜ ಮಾರ್ಕೆಟ್ ನೆನಪಾಯ್ತಪ್ಪ!" ಅಂದರು. ಅದಿತಿ ಮಾತ್ರ ಬಗ್ಗಿ ಚಿಗುರನ್ನು ನೋಡುತ್ತ ನಿಂತುಬಿಟ್ಟಳು. ಚಿಗುರೆಲೆಗಳು ಮುರುಟಿದ್ದವು. ಅವುಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಹುಳುಗಳು, ಬಿಳಿ ದಾರದ ಚೂರಿನಂಥ ಮೇಣ.

"ಉದಯ್, ವೇರ್ ಡಿಡ್ ಯು ಗೆಟ್ ದಿಸ್?" ಅಂತ ಕೇಳಿದಳು.

"ನರ್ಸರಿಯಿಂದ ಕಣಮ್ಮ," ಅಂದ. ಸುಳ್ಳು ಸಲೀಸಾಗಿ ಬಂತು, ರೂಢಿಯಾಗಿತ್ತಲ್ಲ.

ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ಕರಿಬೇವು ಮತ್ತು ಕಿತ್ತಳೆ ಒಂದೇ ಬಳಗದ ಗಿಡಗಳು. ಕರಿಬೇವಿನ ಚಿಗುರಿನಲ್ಲಿ ಬೆಳೆಯುವ ಒಂದು ಜಿಗಿಹುಳು ಕಿತ್ತಳೆಗೆ ರೋಗ ಹತ್ತಿಸುತ್ತದೆ. ಎಲೆ ಹಳದಿಯಾಗಿ, ಹಣ್ಣು ಹಸಿರಾಗಿಯೇ ಉಳಿದು ಕಹಿಯಾಗಿ, ಮರವೇ ಸಾಯುತ್ತದೆ. ಮದ್ದಿಲ್ಲ. ಈ ದೇಶಕ್ಕೆ ಅದು ಇನ್ನೂ ಬಂದಿಲ್ಲ, ಬರದಿರಲಿ ಅಂತ ಕಾಯುವುದಕ್ಕೇ ಒಂದು ಇಲಾಖೆ ಇದೆ. ಇದು ಅದೇ ಹುಳು ಅಂತ ತಾನು ಹೇಳುತ್ತಿಲ್ಲ, ಪರೀಕ್ಷೆ ಮಾಡಿಸಲೇಬೇಕು ಅಂದಳು. ಹೇಳುವಾಗ ಅವಳ ಕಣ್ಣು ಬೇಲಿಯಾಚೆಯ ತೋಟದ ಮೇಲಿತ್ತು.

"ಕೊಡಗಿನ ಕಿತ್ತಳೆ ಹಾಳಾಗಿದ್ದು ಹಂಗೇ ಅಲ್ವಾ?" ಅಂದರು ರಮಾಕಾಂತ್. "ನಮ್ಮ ಕಾಲಕ್ಕೆ ಎಂಥಾ ಹಣ್ಣು! ಈಗ ಹುಡುಕಿದ್ರೂ ಸಿಗಲ್ಲ."

ಉದಯ ನಾಳೆಯೇ ಇಲಾಖೆಗೆ ಫೋನು ಮಾಡುತ್ತೇನೆ ಅಂತ ಅದಿತಿಗೆ ಮಾತು ಕೊಟ್ಟ.

ಮಾಡಿದ್ದೇ ಬೇರೆ. ಸೋಮವಾರ ಪಬ್ಬಿಗೆ ರಜೆ. ಮ್ಯಾಗಿ ತಂಗಿಯ ಮನೆಗೆ ಹೋಗಿದ್ದಳು. ಬೆಳಿಗ್ಗೆ ಹತ್ತಕ್ಕೆ ಗಿಡವನ್ನು ಬುಡಸಮೇತ ಕಿತ್ತು, ತುಂಡು ಮಾಡಿ, ಹಿತ್ತಲ ಒಲೆಯಲ್ಲಿ ಸುಟ್ಟ. ಹಸಿ ಎಲೆ ಚಟಪಟ ಸಿಡಿಯಿತು. ಇಡೀ ಹಿತ್ತಲು ಅಮ್ಮನ ಅಡಿಗೆಮನೆಯ ಹಾಗೆ ಘಮ್ಮೆಂದಿತು. ಅವನಿಗೆ ಅಳು ಬಂತು, ಅತ್ತ, ಮೂಗೊರೆಸಿಕೊಂಡು ಬೂದಿಯ ಮೇಲೆ ನೀರು ಹೊಯ್ದ. ಗಿಡಕ್ಕೆ ಬೇರುಕೊಳೆ ಬಂದಿತ್ತು ಅಂತ ಮ್ಯಾಗಿಗೆ ಹೇಳಿದ. ಸುಟ್ಟುಬಿಟ್ಟೆ ಅಂತ ಅದಿತಿಗೆ ಸಂದೇಶ ಕಳಿಸಿದ. "ಸುಟ್ಟರೆ ಪರೀಕ್ಷೆ ಹೇಗೆ ಮಾಡೋದು?" ಅಂತ ತಕ್ಷಣ ಉತ್ತರ ಬಂತು. ಅದನ್ನು ಓದಿ ಫೋನು ಜೇಬಿಗೆ ಹಾಕಿಕೊಂಡ.

ಗಿಡವೇ ಇಲ್ಲ, ಇನ್ನು ಯಾರಿಗೆ ಹೇಳುವುದು, ಏನಂತ ಹೇಳುವುದು? ಹೇಳಿದರೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ, ಗಡಿಯಲ್ಲಿ ಬರೆದುಕೊಟ್ಟ ಸುಳ್ಳು ಹೊರಬರುತ್ತದೆ, ಪಿ.ಆರ್. ಕಥೆ ಅಲ್ಲಿಗೆ ಮುಗಿಯುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡು ಅಡಿಗೆ ಮಾಡಿದ. ಗುರುವಾರ ಎಂದಿನಂತೆ ಟೋನಿ ಮಧ್ಯಾಹ್ನದ ಊಟಕ್ಕೆ ಬಂದ. ಕರಿಬೇವಿಲ್ಲದ ಗೊಜ್ಜು ತಿಂದು, "ಇವತ್ತು ಏನೋ ಕಡಿಮೆ ಇದೆಯಲ್ಲ, ಮರೀ?" ಅಂದ. ಉದಯ ಹುಳ್ಳಗೆ ನಕ್ಕ. ಕಿಟಕಿಯಿಂದ ಟೋನಿಯ ತೋಟದಲ್ಲಿ ಹಣ್ಣು ಕೀಳುವವರು ಕಾಣುತ್ತಿದ್ದರು. ಅವರು ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಆಚೆಯ ತೋಟದಲ್ಲಿ, ಮರುದಿನ ಇನ್ನೂ ಆಚೆ. ಅವರ ಚೀಲ, ಏಣಿ, ಬಟ್ಟೆಯ ಜೊತೆ ಏನೇನು ಹೋಗುತ್ತಿದೆಯೋ ಅಂತ ನೆನೆದು ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಒಂಬತ್ತನೆಯ ದಿನ, ಮಂಗಳವಾರ ಬೆಳಿಗ್ಗೆ, ಪಾರ್ವತಿ ಫೋನು ಮಾಡಿದಳು. ಮಾತಿಗೆ ಮಾತು ಬಂದು ಗಿಡಕ್ಕೆ ಹುಳ ಬಿದ್ದಿತ್ತು, ಕಿತ್ತುಹಾಕಿದೆ ಅಂದ.

"ಅಯ್ಯೋ ಪಾಪಿ, ಅಷ್ಟು ಚೆನ್ನಾಗಿತ್ತಲ್ಲೋ! ಹೋಗ್ಲಿ ಬಿಡು, ಟೋನಿ ಹತ್ರ ಇದೆಯಲ್ಲ, ಅಲ್ಲಿಂದ ಒಂದು ಮರಿ ಇಸ್ಕೋ."

"ಟೋನಿ ಹತ್ರ ಏನಿದೆ?"

"ಕರಿಬೇವು ಕಣೋ. ಹೋದ ಡಿಸೆಂಬರ್‌ನಲ್ಲಿ ಬಂದಿದ್ದಾಗ ಕೊಟ್ಟಿದ್ನಲ್ಲ. ನೀನು ಕಿಚನ್‌ನಲ್ಲಿದ್ದೆ. ಪಾಪ, ಆ ಯಜಮಾನ್ರು ಬುಟ್ಟಿ ತುಂಬ ಹಣ್ಣು ಕೊಟ್ರು, ಬರಿಗೈಲಿ ಹೆಂಗೋ ಕಳಿಸೋದು? ಬುಡದಲ್ಲಿ ಎದ್ದಿದ್ದ ಮರಿ ಒಂದನ್ನ ಕಿತ್ತು ಕೊಟ್ಟೆ. ಹುಳಿ ಮಜ್ಜಿಗೆ ಹಾಕಿ ಅಂತ ಕೈಸನ್ನೆ ಮಾಡಿ ತೋರಿಸ್ದೆ. ಅವ್ರು ತಲೆ ಆಡಿಸಿದ್ರು."

ಉದಯ ಫೋನನ್ನು ಅಲ್ಲೇ ಕೌಂಟರಿನ ಮೇಲಿಟ್ಟು, ಏಪ್ರನ್ ಬಿಚ್ಚದೆ ಬೇಲಿ ಹಾರಿ ಓಡಿದ. ಅಮ್ಮನ ದನಿ ಇನ್ನೂ ಹಲೋ ಹಲೋ ಅನ್ನುತ್ತಿತ್ತು.

ಗಿಡ ತೋಟದ ಮೊದಲ ಸಾಲಿನಲ್ಲಿ, ಎಲ್ಲಕ್ಕಿಂತ ಹಳೆಯ ಕಿತ್ತಳೆ ಮರದ ಪಕ್ಕದಲ್ಲೇ ಇತ್ತು. ಮೊಣಕಾಲುದ್ದ. ಮೊಲ ತಿನ್ನದಿರಲಿ ಅಂತ ಸುತ್ತ ತಂತಿಬಲೆ ಬೇರೆ. ಅವನನ್ನು ನೋಡಿ ಟೋನಿ ಏಣಿಯಿಂದ ಇಳಿದು ಬಂದ, ಮುಖ ಅರಳಿತ್ತು.

"ನೋಡಿದೆಯಾ? ಹೇಳಬಾರದು ಅಂತಿದ್ದೆ. ನಿನ್ನ ತಾಯಿ ಮುಂದಿನ ಸಲ ಬಂದಾಗ ಇದನ್ನು ತೋರಿಸಿ ಬೆರಗು ಮಾಡಬೇಕು ಅಂತಿತ್ತು. ವಾರಕ್ಕೊಂದು ಲೋಟ ಮೊಸರುನೀರು ಹಾಕ್ತೀನಿ. ಮಗಳು ನನಗೆ ಹುಚ್ಚು ಅಂತಾಳೆ."

ಉದಯ ಕೂತು ನೋಡಿದ. ಮುರುಟಿದ ಚಿಗುರು, ಬಿಳಿ ಮೇಣ. ಅದೇ ಹುಳು. ಒಂದು ಕ್ಷಣ, ಏನಾದರೂ ಒಂದು ನೆಪ ಹೇಳಿ ಇದನ್ನೂ ಕಿತ್ತುಕೊಂಡು ಹೋಗಿಬಿಡಲೇ ಅಂತ ನಿಜವಾಗಿಯೂ ಯೋಚಿಸಿದ. ಆದರೆ ಅದಕ್ಕೆ ತಗುಲಿಕೊಂಡೇ ಕಿತ್ತಳೆಯ ಕೊಂಬೆ ಬಾಗಿತ್ತು. ಅದರ ತುದಿಯಲ್ಲೂ ಹೊಸ ಚಿಗುರು ಬಂದಿತ್ತು.

ಅಲ್ಲೇ ಮಣ್ಣಿನಲ್ಲಿ ಕೂತು ಎಲ್ಲ ಹೇಳಿದ. ಕುಕ್ಕರು, ಬರೆದುಕೊಟ್ಟ ಸುಳ್ಳು, ಅದಿತಿ ಹೇಳಿದ್ದು, ಸುಟ್ಟದ್ದು. ಟೋನಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯಾವಾಗ ಗೊತ್ತಾಯ್ತು ನಿನಗೆ?"

"ಮೊನ್ನೆಯದರ ಹಿಂದಿನ ಭಾನುವಾರ."

ಮುದುಕ ಆಚೆ ಸಾಲಿನಲ್ಲಿದ್ದ ಕೆಲಸಗಾರರ ಕಡೆ ನೋಡಿದ. ತುಟಿ ಅಲುಗಿತು, ಲೆಕ್ಕ ಹಾಕುತ್ತಿದ್ದಾನೆ ಅಂತ ಉದಯನಿಗೆ ಗೊತ್ತಾಯಿತು. ಆಮೇಲೆ ಅವರನ್ನೆಲ್ಲ ಕೂಗಿ, ಇದ್ದಲ್ಲಿಯೇ ಚೀಲ ಇಳಿಸಿ ಅಲ್ಲಾಡದೆ ನಿಲ್ಲಿ ಅಂದು, ಮನೆಯೊಳಗೆ ಹೋಗಿ ತಾನೇ ಇಲಾಖೆಗೆ ಫೋನು ಮಾಡಿದ.

ಮಧ್ಯಾಹ್ನವೇ ಅವರು ಬಂದರು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು. ಕರಿಬೇವಿನ ಗಿಡವನ್ನು ಮೂರು ಪದರದ ಚೀಲದಲ್ಲಿ ಕಟ್ಟಿಕೊಂಡು ಹೋದರು. ಗೇಟಿಗೆ ಹಳದಿ ಪಟ್ಟಿ ಬಿತ್ತು. ಒಂದು ಹಣ್ಣು ಕೂಡ ತೋಟ ಬಿಟ್ಟು ಹೋಗುವ ಹಾಗಿಲ್ಲ. ಕೆಲಸಗಾರರು ಆ ಒಂಬತ್ತು ದಿನದಲ್ಲಿ ಹೋಗಿದ್ದ ಇನ್ನೂ ನಾಲ್ಕು ತೋಟಗಳಿಗೂ ಅದೇ ಪಟ್ಟಿ. ಮುನ್ನೆಚ್ಚರಿಕೆಗೆ ಅಂತ ಐದು ತೋಟಕ್ಕೂ ಔಷಧಿ ಹೊಡೆದರು. ಟೋನಿ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಹದಿನೆಂಟು ವರ್ಷದ ಮೇಲೆ ತನ್ನ ಮರಗಳು ಮಂಜಿನಲ್ಲಿ ತೋಯುವುದನ್ನು ಕೊನೆಯವರೆಗೂ ನೋಡಿದ. ಉದಯ ಬೇಲಿಯ ಈಚೆ ನಿಂತಿದ್ದ. ಆಚೆ ಹೋಗುವ ಮುಖ ಅವನಿಗಿರಲಿಲ್ಲ.

ಐದು ವಾರದ ಮೇಲೆ ಫಲಿತಾಂಶ ಬಂತು. ಅದು ಆ ಹುಳುವಲ್ಲ. ನೋಡಲು ಅದನ್ನೇ ಹೋಲುವ, ಇಲ್ಲಿಯದೇ ಒಂದು ನಿರಪಾಯದ ಹುಳು. ರೋಗವಿಲ್ಲ. ಉದಯನಿಗೆ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು, ತಾನಾಗಿ ಒಪ್ಪಿಕೊಂಡದ್ದರಿಂದ ಇಷ್ಟಕ್ಕೇ ಬಿಟ್ಟಿದ್ದೇವೆ ಅಂತ. ಅಷ್ಟು ಹೊತ್ತಿಗೆ ಐದೂ ತೋಟದ ಹಣ್ಣು ಮರದಡಿ ಉದುರಿ ಕೊಳೆತು, ಗಾಳಿ ಬೀಸಿದರೆ ಪಬ್ಬಿನೊಳಗೂ ಹುಳಿ ವಾಸನೆ ಬರುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಮ್ಯಾಗಿ ಒದ್ದೆಬಟ್ಟೆ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದಳು. ಟೋನಿಯ ಹೆಸರು ಅಳಿಸಿಯಾಗಿತ್ತು.

"ಔಷಧಿ ಬಿದ್ದಿದೆ, ಉದಯ್. ಸರ್ಟಿಫಿಕೇಟು ಹೋಯಿತು. ಮತ್ತೆ ಸಿಗೋಕೆ ಮೂರು ವರ್ಷ ಬೇಕು. ಅಲ್ಲಿವರೆಗೆ ಅವನ ಹಣ್ಣು ನಾನು ತಗೊಳ್ಳೋ ಹಾಗಿಲ್ಲ."

"ಔಷಧಿ ಟೋನಿ ಹೊಡೆದದ್ದಲ್ಲವಲ್ಲ, ಮ್ಯಾಗಿ! ನನ್ನಿಂದ ಆದದ್ದು."

"ಗೊತ್ತು. ಅವನಿಗೋಸ್ಕರ ನಿಯಮ ಸಡಿಲ ಮಾಡಿದರೆ ನಾಳೆ ಕೋಳಿಯವನಿಗೆ ಏನು ಹೇಳಲಿ? ಕುರಿಯವನಿಗೆ ಏನು ಹೇಳಲಿ?" ಅವಳ ಕಣ್ಣು ಕೆಂಪಾಗಿತ್ತು. ರಾತ್ರಿಯೆಲ್ಲ ಅತ್ತಿದ್ದಳು ಅಂತ ಕಾಣುತ್ತದೆ.

"ಸುಳ್ಳು ಹೇಳಿದ ನನ್ನನ್ನು ಇಟ್ಟುಕೊಂಡು, ಅವರನ್ನು ತೆಗೆದುಹಾಕ್ತೀರಾ?"

"ನೀನು ಕೊನೆಗಾದರೂ ನಿಜ ಹೇಳಿದೆ. ನಿನ್ನ ಅರ್ಜಿ ನಿನ್ನೆ ಕಳಿಸಿದ್ದೀನಿ." ಅಷ್ಟು ಹೇಳಿ ಬಟ್ಟೆ ಹಿಂಡಲು ಒಳಗೆ ಹೋದಳು.

ನಾಲ್ಕು ವರ್ಷದಿಂದ ಕಾದಿದ್ದ ಮಾತು ಅದು. ಕೇಳಿ ಅವನಿಗೆ ಸಂತೋಷವಾಯಿತು. ಹೌದು, ಆಯಿತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆ ಸಂತೋಷಕ್ಕೆ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು.

ಸೋಮವಾರ ರಜೆಯ ದಿನ ಟೋನಿಯ ತೋಟಕ್ಕೆ ಹೋದ. ಮರದ ಮೇಲೆ ಉಳಿದದ್ದನ್ನು ಜ್ಯೂಸ್ ಫ್ಯಾಕ್ಟರಿಗೆ ಕಳಿಸಬಹುದು ಅಂತ ಆಗಿತ್ತು. ಕೆಲಸಗಾರರು ಬೇರೆ ಕಣಿವೆಗೆ ಹೋಗಿಬಿಟ್ಟಿದ್ದರು, ಮುದುಕ ಒಬ್ಬನೇ ಏಣಿ ಸಾಗಿಸುತ್ತಿದ್ದ. ಉದಯ ಕೇಳದೆಯೇ ಚೀಲ ಹೆಗಲಿಗೆ ಹಾಕಿಕೊಂಡ. ಟೋನಿ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮಧ್ಯಾಹ್ನ ಬ್ರೆಡ್ಡು, ಚೀಸು ಅರ್ಧ ಮಾಡಿ ಕೊಟ್ಟ. ಇಬ್ಬರೂ ಬೇರೆ ಬೇರೆ ಮರದಡಿ ಕೂತು ತಿಂದರು. ಸಂಜೆ ನಾಲ್ಕಕ್ಕೆ ಎರಡನೆಯ ಸಾಲು ಮುಗಿಯಿತು. ಉದಯನ ಬೆರಳೆಲ್ಲ ಗೀರಿಹೋಗಿತ್ತು, ಆದರೂ ಎಷ್ಟೋ ದಿನದ ಮೇಲೆ ಎದೆ ಸ್ವಲ್ಪ ಹಗುರಾಗಿತ್ತು. ನಾಳೆ ಬೆಳಿಗ್ಗೆ ಪಬ್ಬಿನ ಕೆಲಸಕ್ಕೆ ಮುಂಚೆ ಮತ್ತೆ ಬರುತ್ತೇನೆ ಅಂದ.

ಟೋನಿ ಏಣಿ ಮಡಚಿ ಮರಕ್ಕೆ ಒರಗಿಸಿದ.

"ಎಲ್ಲರೂ ನಿನ್ನನ್ನು ಹೊಗಳ್ತಾರೆ. ಹುಡುಗ ತಾನಾಗಿ ಬಂದು ಹೇಳಿದ, ಎಂಥಾ ಒಳ್ಳೆಯವನು ಅಂತ. ಆ ನಾಲ್ಕು ತೋಟದವರೂ ಹಾಗೇ ಅಂದರು. ನಾನೂ ಹಾಗೇ ಅಂದ್ಕೊಂಡುಬಿಡೋಣ ಅಂತ ನೋಡ್ತಿದ್ದೀನಿ." ಮುಖದ ಬೆವರೊರೆಸಿಕೊಂಡು ಅವನ ಕಡೆ ತಿರುಗಿದ. "ಒಂದೇ ಒಂದು ಕೇಳ್ತೀನಿ. ನಿನ್ನ ತಾಯಿ ಆ ಗಿಡವನ್ನು ನನಗೆ ಕೊಡದೇ ಇದ್ದಿದ್ದರೆ, ನೀನು ಬಂದು ಹೇಳ್ತಿದ್ದೆಯಾ?"

ಹೌದು ಅನ್ನಲು ಉದಯ ಬಾಯಿ ತೆರೆದ. ಮೂರು ವರ್ಷ ಸುಳ್ಳು ಹೇಳಿ ಪಳಗಿದ ನಾಲಿಗೆ ಅವತ್ತು ಏಳಲಿಲ್ಲ.

ಟೋನಿ ಕಾದ. ಅವಸರ ಮಾಡಲಿಲ್ಲ. ಗೇಟಿನಾಚೆ ಕುರಿಯವನ ಗಾಡಿ ಹಾದುಹೋಯಿತು.

"ಸರಿ," ಅಂದ ಮುದುಕ. "ಆ ಚೀಲ ಅಲ್ಲೇ ಇಡು. ನಾಳೆ ಬರಬೇಡ."

ಉದಯ ಚೀಲ ಇಳಿಸಿ, ಬೇಲಿ ಹಾರದೆ, ಸುತ್ತುಬಳಸಿ ರಸ್ತೆಯ ದಾರಿಯಲ್ಲಿ ನಡೆದುಕೊಂಡು ಹೋದ.